ಓದು ಮುಗಿಸದ ವೈದ್ಯ: ಕೋಟ್ಟಕ್ಕಲ್ ಪಿ. ಎಸ್. ವಾರಿಯರ್

ಕಾಸರಗೋಡಿನಿಂದ ಹೊರಟು ಚಂದ್ರಗಿರಿ ಹೊಳೆ ದಾಟಿ ತೆಂಕಣಕ್ಕೆ ಸಾಗುವವರಿಗೆ ಹೊಸದುರ್ಗ, ನೀಲೇಶ್ವರ, ಪಯ್ಯನ್ನೂರು ಎಂದು ಊರುಗಳು ಹಿಂದೆ ಸರಿದಂತೆ ಅಂಗಡಿ ಫಲಕಗಳಲ್ಲಿ ಕನ್ನಡದ ಅಕ್ಷರಗಳು ವಿರಳವಾಗುತ್ತ ಬಂದು ಕೊನೆಗೆ ಇಲ್ಲವಾಗುತ್ತವೆ. ಆದರೆ ಹೊಳೆಯ ಈಚೆ ದಡದಲ್ಲಿಯೂ ಆಚೆ ದಡದಲ್ಲಿಯೂ ಸಮಾನವಾಗಿ ಕಾಣಸಿಗುವ ಒಂದು ಹೆಸರುಂಟು. ಅದು ಕೋಟ್ಟಕ್ಕಲ್. ಆರ್ಯವೈದ್ಯಶಾಲೆಯ ಲೇಹ್ಯ, ಅರಿಷ್ಟ, ತೈಲಗಳನ್ನು ಬಳಸದ ಮನೆ ಈ ಸೀಮೆಯಲ್ಲಿ ಕಡಿಮೆ. ಊರಿನ ಹೆಸರು ಔಷಧದ ಹೆಸರಾಗಿ ಹೋದುದರ ಹಿಂದೆ ಒಬ್ಬ ವ್ಯಕ್ತಿಯ ಆಯುಷ್ಯವೇ ಇದೆ ಎಂಬುದು ಸೀಸೆಯನ್ನು ಕೈಯಲ್ಲಿ ಹಿಡಿದವರಿಗೆ ನೆನಪಾಗುವುದಿಲ್ಲ. ಪನ್ನಿಯಿಂಪಳ್ಳಿ ಶಂಕುಣ್ಣಿ ವಾರಿಯರ್ ಎಂಬ ಆ ಮಹನೀಯರು 1869ರಿಂದ 1944ರವರೆಗೆ ಬದುಕಿದರು. ವೈದ್ಯರು, ಔಷಧೋದ್ಯಮಿ, ಪತ್ರಿಕಾ ಸಂಪಾದಕರು, ಸಂಸ್ಕೃತ ಗ್ರಂಥಕಾರರು, ನಾಟಕ ಮಂಡಳಿಯ ಒಡೆಯರು ಎಂದು ಅವರನ್ನು ಹಲವು ಬಗೆಯಲ್ಲಿ ಪರಿಚಯಿಸುವುದುಂಟು. ಇಲ್ಲಿ ವಿಚಾರಿಸಬೇಕಾದುದು ಒಂದೇ ಸಂಗತಿ: ವೈದ್ಯನಾದ ಮೇಲೆಯೂ ಅವರು ಹೇಗೆ ವಿದ್ಯಾರ್ಥಿಯಾಗಿ ಉಳಿದರು, ಮತ್ತು ತಮ್ಮ ವೃತ್ತಿಬಾಂಧವರನ್ನು ಹೇಗೆ ಮತ್ತೆ ಓದಿಗೆ ಕೂರಿಸಿದರು.

ಈ ಪ್ರಶ್ನೆ ಇಂದಿಗೆ ಹಳೆಯದಲ್ಲ. ಪದವಿ ಪಡೆದು ನೋಂದಣಿಯಾದ ವೈದ್ಯನು ಐದು ವರ್ಷಕ್ಕೆ ಕನಿಷ್ಠ 30 ಗಂಟೆಗಳಷ್ಟಾದರೂ ಮುಂದುವರಿಕೆಯ ವೈದ್ಯಕೀಯ ಶಿಕ್ಷಣದಲ್ಲಿ ಪಾಲ್ಗೊಳ್ಳಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2002ರ ವೃತ್ತಿನಡತೆಯ ನಿಯಮಾವಳಿಯಲ್ಲಿ ಸೂಚಿಸಿತು. ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಪರಿಷತ್ತುಗಳು ನೋಂದಣಿಯ ನವೀಕರಣಕ್ಕೆ ಇದನ್ನು ಷರತ್ತಾಗಿಯೇ ಇರಿಸಿಕೊಂಡಿವೆ. ಅಮೆರಿಕೆಯ ಸಂಸ್ಥಾನಗಳಲ್ಲಿ ಇಂಥ ಕಟ್ಟಳೆಯನ್ನು ಮೊದಲಿಗೆ ತಂದುದು ನ್ಯೂ ಮೆಕ್ಸಿಕೊ, 1971ರಲ್ಲಿ. ಗಂಟೆಗಳನ್ನು ಎಣಿಸಿದರೆ ಕಲಿಕೆಯನ್ನು ಎಣಿಸಿದಂತಾಗುವುದೇ ಎಂಬ ವಾದ ಅಂದಿನಿಂದಲೂ ನಡೆದಿದೆ. ಸಮ್ಮೇಳನದ ಸಭಾಂಗಣದಲ್ಲಿ ಹಾಜರಿ ಹಾಕಿ ಊಟಕ್ಕೆ ಮೊದಲೇ ಹೊರಟುಹೋಗುವವರ ಕಥೆಗಳು ಎಲ್ಲ ವೃತ್ತಿಗಳಲ್ಲಿಯೂ ಉಂಟು, ಅಧ್ಯಾಪಕ ವೃತ್ತಿಯೂ ಇದಕ್ಕೆ ಹೊರತಲ್ಲ. ಇರಲಿ. ಯಾವ ಪರಿಷತ್ತಿನ ಆಜ್ಞೆಯೂ ಇಲ್ಲದ ಕಾಲದಲ್ಲಿ, ಕಾನೂನು ತನ್ನನ್ನು ವೈದ್ಯನೆಂದೇ ಗಣಿಸದಿದ್ದ ದೇಶದಲ್ಲಿ, ಒಬ್ಬನು ಈ ಕೆಲಸವನ್ನು ತಾನಾಗಿ ತಲೆಯ ಮೇಲೆ ಹೊತ್ತುಕೊಂಡುದನ್ನು ನೋಡಿದರೆ ಇಂದಿನ ಕಟ್ಟಳೆಯ ಒಳಗಿರುವ ತಿರುಳು ಯಾವುದೆಂದು ತಿಳಿಯುತ್ತದೆ.

ವಾರಿಯರ್ ಅವರು ಹುಟ್ಟಿದ್ದು 1869ರ ಮಾರ್ಚ್ 16ರಂದು, ಇಂದಿನ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲಿನಲ್ಲಿ. ತಂದೆ ರಾಮ ವಾರಿಯರ್, ತಾಯಿ ಕುಂಞಿಕುಟ್ಟಿ ವಾರಸ್ಯಾರ್. ವಾರಿಯರರದು ದೇವಸ್ಥಾನದ ಸೇವೆಯನ್ನು ಕುಲವೃತ್ತಿಯಾಗಿ ಪಡೆದ ಅಂಬಲವಾಸಿ ಸಮುದಾಯ. ಮಾಲೆ ಕಟ್ಟುವುದು, ಪೂಜೆಗೆ ಒದಗಿಸುವುದು ಮುಂತಾದ ಕಾರ್ಯಗಳ ಜೊತೆಗೆ ಸಂಸ್ಕೃತದ ಅಭ್ಯಾಸ ಈ ಮನೆಗಳಲ್ಲಿ ಸಹಜವಾಗಿತ್ತು. ಸಾಮೂದಿರಿ ಅರಸರ ಒಂದು ಕೋವಿಲಗ ಕೋಟ್ಟಕ್ಕಲಿನಲ್ಲಿಯೇ ಇದ್ದುದರಿಂದ ಊರಿನಲ್ಲಿ ಪಂಡಿತರ, ಕಲಾವಿದರ ಓಡಾಟಕ್ಕೆ ಕೊರತೆಯಿರಲಿಲ್ಲ. ಬಾಲಕ ಶಂಕುಣ್ಣಿ ಊರಿನ ಸುತ್ತಿನಲ್ಲಿಯೇ ಸಂಸ್ಕೃತವನ್ನೂ ವೈದ್ಯದ ಮೊದಲ ಪಾಠಗಳನ್ನೂ ಕಲಿತು, ಆಮೇಲೆ ಕುಟ್ಟಂಚೇರಿ ವಾಸುದೇವನ್ ಮೂಸ್ ಅವರ ಬಳಿಗೆ ಹೋದನು. ಕುಟ್ಟಂಚೇರಿಯವರು ಕೇರಳದ ಅಷ್ಟವೈದ್ಯ ಮನೆತನಗಳಲ್ಲಿ ಒಬ್ಬರು. ವಾಗ್ಭಟನ ಅಷ್ಟಾಂಗಹೃದಯವನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲವನೇ ಆ ಮನೆಗಳಲ್ಲಿ ವೈದ್ಯ. ಗುರುವಿನ ಮನೆಯಲ್ಲಿದ್ದು, ಗುರುವಿನ ಜೊತೆ ರೋಗಿಗಳ ಮನೆಗೆ ನಡೆದು, ನಾಡಿ ಹಿಡಿಯುವ ಕೈಯನ್ನು ನೋಡುತ್ತ ಕಲಿಯುವ ಕ್ರಮ ಅದು. ಕೆಲವು ವರ್ಷ ಹೀಗೆ ಕಳೆದು ಶಂಕುಣ್ಣಿ ವಾರಿಯರ್ ಊರಿಗೆ ಮರಳಿ ಚಿಕಿತ್ಸೆಗೆ ತೊಡಗಿದರು. ಇಪ್ಪತ್ತರ ಆಸುಪಾಸಿನ ವಯಸ್ಸು. ಸಂಪ್ರದಾಯದ ಲೆಕ್ಕದಲ್ಲಿ ಅವರ ವಿದ್ಯಾಭ್ಯಾಸ ಅಲ್ಲಿಗೆ ಮುಗಿದಿತ್ತು.

ಅದು ಮತ್ತೆ ಆರಂಭವಾದುದು ಒಂದು ಕಣ್ಣುಬೇನೆಯಿಂದ. ಸ್ವತಃ ವೈದ್ಯರಾಗಿದ್ದರೂ ಅವರು ಕಣ್ಣಿನ ಚಿಕಿತ್ಸೆಗೆ ಡಾಕ್ಟರ್ ವಿ. ವರ್ಗೀಸ್ ಎಂಬ ಇಂಗ್ಲಿಷ್ ವೈದ್ಯರ ಬಳಿಗೆ ಹೋದರು. ಗುಣವಾಯಿತು. ಇಂಥ ಸಂದರ್ಭದಲ್ಲಿ ಸಾಮಾನ್ಯ ಮನುಷ್ಯನು ಕೃತಜ್ಞತೆ ಹೇಳಿ ಮನೆಗೆ ಬರುತ್ತಾನೆ. ಅಭಿಮಾನಿಯಾದ ಪಂಡಿತನು ಹೋದುದನ್ನೇ ಬಚ್ಚಿಡುತ್ತಾನೆ. ವಾರಿಯರ್ ಅವರು ಆ ವೈದ್ಯರ ಶಿಷ್ಯರಾಗಿ ಮೂರು ವರ್ಷ ಪಾಶ್ಚಾತ್ಯ ವೈದ್ಯವನ್ನು ಕಲಿತರು. ಅವರ ಬದುಕಿನ ಮುಂದಿನ ಎಲ್ಲ ಕಾರ್ಯಗಳಿಗೂ ಈ ಮೂರು ವರ್ಷಗಳೇ ಬುನಾದಿ ಎಂದರೆ ತಪ್ಪಾಗದು. ರೋಗಿಗಳಿದ್ದ, ಹೆಸರು ಬರತೊಡಗಿದ್ದ ಒಬ್ಬ ವೈದ್ಯನು ಮತ್ತೊಬ್ಬನ ಎದುರಿಗೆ ಅರಿಯದವನಾಗಿ ನಿಲ್ಲುವುದು ಸುಲಭವಲ್ಲ. ಅದರಲ್ಲಿಯೂ ಆ ಮತ್ತೊಬ್ಬನು ಆಳುವವರ ವೈದ್ಯಪದ್ಧತಿಗೆ ಸೇರಿದವನಾಗಿದ್ದಾಗ, ಕಲಿಕೆಗೂ ಶರಣಾಗತಿಗೂ ನಡುವಿನ ಗೆರೆ ಬಹಳ ತೆಳುವಾಗಿರುತ್ತದೆ. ಶರೀರದ ಒಳರಚನೆಯ ವಿಷಯದಲ್ಲಿ, ಶಸ್ತ್ರಕ್ರಿಯೆಯ ವಿಷಯದಲ್ಲಿ ತಮ್ಮವರು ಹಿಂದೆ ಬಿದ್ದಿದ್ದಾರೆಂದು ವಾರಿಯರ್ ಅವರು ಕಂಡುಕೊಂಡರು. ಆದರೆ ದೀರ್ಘಕಾಲದ ರೋಗಗಳ ಚಿಕಿತ್ಸೆಯಲ್ಲಿ ತಮ್ಮ ಶಾಸ್ತ್ರಕ್ಕೆ ಅದರದೇ ಆದ ಬಲವಿದೆ ಎಂಬ ನಂಬಿಕೆಯನ್ನು ಬಿಡಲಿಲ್ಲ. ಕಲಿತು ಬಂದವರು ಆಯುರ್ವೇದದ ವೈದ್ಯರಾಗಿಯೇ ಉಳಿದರು.

1902ರ ಅಕ್ಟೋಬರ್ 12ರಂದು ಕೋಟ್ಟಕ್ಕಲಿನಲ್ಲಿ ಆರ್ಯವೈದ್ಯಶಾಲೆ ಆರಂಭವಾಯಿತು. ಅದುವರೆಗೆ ವೈದ್ಯನು ಯೋಗವನ್ನು ಬರೆದುಕೊಡುತ್ತಿದ್ದನು. ಬೇರು, ತೊಗಟೆ, ಎಲೆಗಳನ್ನು ಹುಡುಕಿ ತಂದು, ಕುಟ್ಟಿ, ಕುದಿಸಿ, ಬತ್ತಿಸಿ ಕಷಾಯ ಮಾಡಿಕೊಳ್ಳುವುದು ರೋಗಿಯ ಮನೆಯವರ ಪಾಲಿನ ಕೆಲಸ. ಮನೆಯಲ್ಲಿ ಜನರಿದ್ದು ಬಿಡುವಿದ್ದರೆ ಸರಿ, ಇಲ್ಲವಾದರೆ ಔಷಧವೇ ಇಲ್ಲ. ಇಂಗ್ಲಿಷ್ ಔಷಧ ಸೀಸೆಯಲ್ಲಿ ಸಿದ್ಧವಾಗಿ ಸಿಗುವಾಗ ಜನ ಅತ್ತ ಹೋಗುವುದು ಶಾಸ್ತ್ರದ ಗುಣದೋಷದ ಮಾತಲ್ಲ, ಅನುಕೂಲದ ಮಾತು ಎಂಬುದನ್ನು ವಾರಿಯರ್ ಅವರು ಕಂಡರು. ಕಷಾಯವನ್ನು ಕೆಡದಂತೆ ಸಿದ್ಧಪಡಿಸಿ ಸೀಸೆಯಲ್ಲಿ ತುಂಬಿಸಿ ಮಾರುವ ಏರ್ಪಾಡು ಮಾಡಿದರು. ಇದರಿಂದ ಲಾಭವಾದಂತೆ ನಷ್ಟವೂ ಆಯಿತೆಂದು ಹೇಳುವವರಿದ್ದಾರೆ. ರೋಗಿಯ ಪ್ರಕೃತಿ, ವಯಸ್ಸು, ಋತು ನೋಡಿ ಯೋಗವನ್ನು ಹೆಚ್ಚುಕಡಿಮೆ ಮಾಡುವ ಸೂಕ್ಷ್ಮತೆಗೆ ಸಿದ್ಧ ಔಷಧದಲ್ಲಿ ಎಡೆ ಕಡಿಮೆ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ವೈದ್ಯನಿಲ್ಲದ ಹಳ್ಳಿಗೆ ಔಷಧವಾದರೂ ತಲುಪಿತು.

ಔಷಧಶಾಲೆಯ ಜೊತೆಯಲ್ಲಿಯೇ ಅವರು ಮಾಡಿದ ಇನ್ನೊಂದು ಕೆಲಸ ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಅದೇ 1902ರಲ್ಲಿ ಆರ್ಯವೈದ್ಯ ಸಮಾಜ ಎಂಬ ವೈದ್ಯರ ಸಂಘವನ್ನು ಕಟ್ಟಿದರು. ವೈದ್ಯರು ಒಂದೆಡೆ ಕೂಡಬೇಕು, ತಮ್ಮ ಅನುಭವಗಳನ್ನು ಮುಂದಿಡಬೇಕು, ಚರ್ಚಿಸಬೇಕು. ಕೇಳಲು ಸರಳವಾದ ಈ ಮಾತು ಆ ಕಾಲಕ್ಕೆ ಎಷ್ಟು ವಿಲಕ್ಷಣವಾಗಿತ್ತೆಂಬುದನ್ನು ಊಹಿಸಬೇಕಾದರೆ ಮನೆತನದ ವೈದ್ಯದ ಗುಟ್ಟುಗಳನ್ನು ನೆನೆಯಬೇಕು. ಒಂದು ಯೋಗವನ್ನು ತಂದೆ ಮಗನಿಗೆ, ಮಾವ ಸೋದರಳಿಯನಿಗೆ ಸಾಯುವ ಕಾಲಕ್ಕೆ ಕಿವಿಯಲ್ಲಿ ಉಸುರುತ್ತಿದ್ದ ಕಾಲ. ಹೇಳುವ ಮೊದಲೇ ಸತ್ತರೆ ಯೋಗವೂ ಸತ್ತಿತು. ತುಳುನಾಡಿನ ನಾಟಿವೈದ್ಯರ ಮನೆಗಳಲ್ಲಿಯೂ ಇದೇ ಕಥೆ ಕೇಳಿಬರುತ್ತದೆ. ಇಂಥವರನ್ನು ಒಂದು ಚಪ್ಪರದ ಕೆಳಗೆ ಕೂರಿಸಿ ಪರಸ್ಪರ ಕಲಿಯಿರೆಂದು ಹೇಳುವುದು ಸಣ್ಣ ಧೈರ್ಯವಲ್ಲ. ಮಹಾರಾಷ್ಟ್ರದಲ್ಲಿ ಶಂಕರ ದಾಜಿ ಶಾಸ್ತ್ರಿ ಪದೆಯವರು ಅಖಿಲ ಭಾರತ ಮಟ್ಟದ ವೈದ್ಯ ಸಮ್ಮೇಳನವನ್ನು ನಾಸಿಕದಲ್ಲಿ ಕೂಡಿಸಿದ್ದು 1907ರಲ್ಲಿ. ಮಲಬಾರಿನ ಈ ಸಮಾಜ ಅದಕ್ಕಿಂತ ಐದು ವರ್ಷ ಹಿರಿದು.

1903ರಲ್ಲಿ ‘ಧನ್ವಂತರಿ’ ಎಂಬ ಮಲಯಾಳಂ ಮಾಸಪತ್ರಿಕೆ ಹೊರಟಿತು. ಸಂಪಾದಕರು ವಾರಿಯರ್ ಅವರೇ. ಎರಡು ದಶಕಗಳಿಗೂ ಮೀರಿ ಅದು ನಡೆಯಿತು. ಸಮಾಜದ ಸಭೆಗೆ ವರ್ಷಕ್ಕೊಮ್ಮೆ ಬರಲಾಗದ ವೈದ್ಯನಿಗೆ ತಿಂಗಳಿಗೊಮ್ಮೆ ಮನೆಬಾಗಿಲಿಗೆ ಪಾಠ ತಲುಪಿಸುವ ಉಪಾಯವಿದು. ಇದರಲ್ಲಿ ವೈದ್ಯಶಾಲೆಯ ವ್ಯಾಪಾರದ ಹಿತವೂ ಬೆರೆತಿತ್ತು. ಸಂಘ, ಪತ್ರಿಕೆ, ಔಷಧಶಾಲೆ ಮೂರೂ ಒಂದಕ್ಕೊಂದು ಊರುಗೋಲಾಗಿದ್ದವು. ಇಂದಿನ ವೈದ್ಯಸಮ್ಮೇಳನಗಳ ಖರ್ಚನ್ನು ಔಷಧ ಕಂಪೆನಿಗಳು ಹೊರುವುದರ ಬಗೆಗೆ ನಡೆಯುವ ಚರ್ಚೆಯನ್ನು ಬಲ್ಲವರಿಗೆ ಈ ತೊಡಕು ಹೊಸದೆನಿಸದು. ಕಲಿಸುವವನೇ ಮಾರುವವನೂ ಆದಾಗ ಕಲಿಯುವವನು ಎಚ್ಚರದಿಂದಿರಬೇಕು. ಆದರೆ ವಾರಿಯರ್ ಅವರ ಮಟ್ಟಿಗೆ, ತನ್ನ ಔಷಧವನ್ನು ಹೊಗಳಿ ಸುಮ್ಮನಾಗುವ ಪತ್ರಿಕೆಯಷ್ಟೇ ಅವರಿಗೆ ಬೇಕಾಗಿದ್ದರೆ ಇಷ್ಟು ಕಾಲ ಸಂಪಾದಕತ್ವದ ಶ್ರಮ ಬೇಕಿರಲಿಲ್ಲ.

ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಇಲ್ಲಿದೆ. ಶಾಸ್ತ್ರವೆಲ್ಲ ಸಂಸ್ಕೃತದಲ್ಲಿದ್ದಾಗ, ಹೊಸ ವೈದ್ಯವೆಲ್ಲ ಇಂಗ್ಲಿಷಿನಲ್ಲಿದ್ದಾಗ, ನಡುವೆ ನಿಂತ ಹಳ್ಳಿಯ ವೈದ್ಯನಿಗೆ ಮಲಯಾಳದ ಗದ್ಯವೇ ಸೇತುವೆಯಾಯಿತು. ಕನ್ನಡದಲ್ಲಿ ಈ ದಾರಿ ಬಹಳ ಹಿಂದೆಯೇ ತೆರೆದಿತ್ತು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯದ ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ಬರೆದನು, ಅದಕ್ಕೂ ಹಿಂದೆ ಕೀರ್ತಿವರ್ಮನ ‘ಗೋವೈದ್ಯ’ ಇದೆ, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವಿದೆ. ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಈ ಹೆಸರುಗಳನ್ನು ಶಾಸ್ತ್ರಸಾಹಿತ್ಯ ಎಂಬ ಒಂದು ತಲೆಬರಹದಡಿ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುವ ರೂಢಿಯಿದೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಉಳಿದುಬಿಟ್ಟ ಈ ಗ್ರಂಥಗಳು ತಮ್ಮ ಕಾಲದ ವೈದ್ಯರಿಗೆ ಕೈಹೊತ್ತಗೆಗಳಾಗಿದ್ದವು ಎಂಬುದನ್ನು ಮರೆಯಲಾಗದು.

ವಾರಿಯರ್ ಅವರ ಕೆಲಸ ಹೀಗೆ ಬೆಳೆಯುತ್ತಿದ್ದಾಗ ಸರಕಾರದ ಕಡೆಯಿಂದ ಒಂದು ಹೊಸ ಸಂಗತಿ ಬಂದಿತು. 1912ರಲ್ಲಿ ಮುಂಬಯಿ ಪ್ರಾಂತದಲ್ಲಿಯೂ 1914ರಲ್ಲಿ ಮದರಾಸು ಪ್ರಾಂತದಲ್ಲಿಯೂ ವೈದ್ಯರ ನೋಂದಣಿಯ ಕಾಯಿದೆಗಳು ಜಾರಿಯಾದವು. ಕನ್ನಡಿಗರು ಆಗ ಹಂಚಿಹೋಗಿದ್ದಂತೆಯೇ ಕನ್ನಡ ನಾಡಿನ ವೈದ್ಯರೂ ಹಂಚಿಹೋದರು: ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದವರು ಮುಂಬಯಿ ಕಾಯಿದೆಗೆ, ಮಂಗಳೂರು, ಕಾಸರಗೋಡು, ಬಳ್ಳಾರಿಯವರು ಮದರಾಸು ಕಾಯಿದೆಗೆ. ಕಾಸರಗೋಡು ಅಂದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಕೋಟ್ಟಕ್ಕಲ್ ಮಲಬಾರ್ ಜಿಲ್ಲೆಯ ಊರು. ಎರಡಕ್ಕೂ ಕಾಯಿದೆ ಒಂದೇ. ಮಾನ್ಯತೆ ಪಡೆದ ಕಾಲೇಜುಗಳಲ್ಲಿ ಪಾಶ್ಚಾತ್ಯ ವೈದ್ಯ ಕಲಿತವರಿಗೆ ಮಾತ್ರ ನೋಂದಣಿ. ನೋಂದಣಿಯಿಲ್ಲದವನು ಚಿಕಿತ್ಸೆ ಮಾಡಬಾರದೆಂದು ಕಾಯಿದೆ ಹೇಳಲಿಲ್ಲ. ಆದರೆ ಅವನು ಕೊಟ್ಟ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ, ಸರಕಾರಿ ಹುದ್ದೆ ಅವನಿಗಿಲ್ಲ. ಇಷ್ಟಾಗಿದ್ದರೆ ದೊಡ್ಡ ವಿಷಯವಾಗುತ್ತಿರಲಿಲ್ಲ. ನೋಂದಾಯಿತ ವೈದ್ಯನು ನೋಂದಣಿಯಿಲ್ಲದವನ ಜೊತೆ ವೃತ್ತಿಸಂಬಂಧವಿಟ್ಟುಕೊಂಡರೆ ಅದು ದುರ್ನಡತೆಯೆಂದು ಪರಿಷತ್ತುಗಳು ತೀರ್ಮಾನಿಸಿದವು. ಮುಂಬಯಿಯ ಡಾಕ್ಟರ್ ಪೋಪಟ್ ಪ್ರಭುರಾಮ್ ಅವರು ಒಂದು ಆಯುರ್ವೇದ ಕಾಲೇಜಿನೊಡನೆ ಸಂಬಂಧವಿಟ್ಟುಕೊಂಡಿದ್ದಾರೆಂಬ ಕಾರಣಕ್ಕೆ ಅವರ ಹೆಸರನ್ನು ನೋಂದಣಿಪುಸ್ತಕದಿಂದ ತೆಗೆಯಲಾಯಿತು. ಮದರಾಸಿನಲ್ಲಿ ಡಾಕ್ಟರ್ ಕೃಷ್ಣಸ್ವಾಮಿ ಅಯ್ಯರ್ ಅವರು ಒಂದು ಆಯುರ್ವೇದ ಔಷಧಾಲಯದ ಜೊತೆ ಸೇರಿ ಕೆಲಸ ಮಾಡಿದುದಕ್ಕೆ ಪರಿಷತ್ತಿನ ಎಚ್ಚರಿಕೆಗೆ ಗುರಿಯಾದರು.

ಕೋಟ್ಟಕ್ಕಲಿನ ವೈದ್ಯರಿಗೆ ಇದರ ಅರ್ಥವೇನು? ಹಿಂದೆ ಡಾಕ್ಟರ್ ವರ್ಗೀಸ್ ಅವರು ಒಬ್ಬ ನಾಟಿವೈದ್ಯನನ್ನು ಮೂರು ವರ್ಷ ತಮ್ಮ ಬಳಿ ಇರಿಸಿಕೊಂಡು ಕಲಿಸಿದ್ದರು. ಹೊಸ ಕಾಯಿದೆಯ ಕಾಲದಲ್ಲಿ ಅಂಥ ಉದಾರ ಗುರುವು ತನ್ನ ವೃತ್ತಿಯನ್ನೇ ಪಣಕ್ಕಿಡಬೇಕಾಗುತ್ತಿತ್ತು. ಒಂದು ಬಾಗಿಲು ವಾರಿಯರ್ ಅವರು ಒಳಹೊಕ್ಕ ಮೇಲೆ ಮುಚ್ಚಿತು. ಹಿಂದೆ ಬರುವವರಿಗಾಗಿ ಬೇರೆ ಬಾಗಿಲನ್ನೇ ತೆರೆಯಬೇಕಾಗಿತ್ತು.

1917ರ ಜನವರಿ 14ರಂದು ಕೋಳಿಕ್ಕೋಡಿನಲ್ಲಿ ಆರ್ಯವೈದ್ಯ ಪಾಠಶಾಲೆ ಆರಂಭವಾದುದು ಈ ಹಿನ್ನೆಲೆಯಲ್ಲಿ. ಆಯುರ್ವೇದದ ಜೊತೆಗೆ ಪಾಶ್ಚಾತ್ಯ ವೈದ್ಯದ ಶರೀರಶಾಸ್ತ್ರ ಮೊದಲಾದ ವಿಷಯಗಳನ್ನೂ ಅಲ್ಲಿ ಬೋಧಿಸಲಾಯಿತು. 1924ರಲ್ಲಿ ಪಾಠಶಾಲೆ ಕೋಟ್ಟಕ್ಕಲಿಗೆ ಬಂದಿತು. ಅದೇ ವರ್ಷ ಅಲ್ಲಿ ಧರ್ಮಾರ್ಥ ಆಸ್ಪತ್ರೆಯೊಂದು ತೆರೆಯಿತು. ವಿದ್ಯಾರ್ಥಿಗಳಿಗೆ ಪುಸ್ತಕದ ಜೊತೆ ರೋಗಿಯ ಹಾಸಿಗೆಯೂ ಪಾಠವಾಯಿತು. ಆಸ್ಪತ್ರೆಯಲ್ಲಿ ಇಂಗ್ಲಿಷ್ ವೈದ್ಯದ ವಿಭಾಗಕ್ಕೂ ಸ್ಥಳವಿತ್ತು. ಇಂದು ಅವರ ಹೆಸರಿನಲ್ಲಿಯೇ ನಡೆಯುವ ಆಯುರ್ವೇದ ಕಾಲೇಜು ಈ ಪಾಠಶಾಲೆಯ ಮುಂದುವರಿಕೆ.

ನಡುವೆ ಮದರಾಸು ಸರಕಾರ ದೇಶೀಯ ಔಷಧಗಳ ಪರಿಶೀಲನೆಗೆ ಡಾಕ್ಟರ್ ಕೋಮನ್ ಎಂಬವರನ್ನು ನೇಮಿಸಿತು. ಅವರ ವರದಿ ದೇಶೀಯ ಪದ್ಧತಿಗಳಿಗೆ ಅನುಕೂಲವಾಗಿರಲಿಲ್ಲ. ವೈದ್ಯರಿಂದ ಬಲವಾದ ಪ್ರತಿಭಟನೆ ಬಂದಿತು. 1921ರಲ್ಲಿ ಮಹಮ್ಮದ್ ಉಸ್ಮಾನ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ನೇಮಕವಾಗಿ, ಪ್ರಾಂತದ ನಾನಾ ಭಾಷೆಗಳ ವೈದ್ಯರಿಂದ ಹೇಳಿಕೆಗಳನ್ನು ಸಂಗ್ರಹಿಸಿ 1923ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ 1925ರ ಹೊತ್ತಿಗೆ ಮದರಾಸಿನಲ್ಲಿ ದೇಶೀಯ ವೈದ್ಯದ ಸರಕಾರಿ ಶಾಲೆ ನಡೆಯತೊಡಗಿತು. ಇವೆಲ್ಲ ದೊಡ್ಡ ಇತಿಹಾಸದ ಪುಟಗಳು; ಇಲ್ಲಿ ಇಷ್ಟು ಸಾಕು.

ವಾರಿಯರ್ ಅವರ ಕಲಿಕೆಯ ನಿಜವಾದ ಫಲವನ್ನು ಕಾಣಬೇಕಾದರೆ 1925ರಲ್ಲಿ ಪ್ರಕಟವಾದ ‘ಅಷ್ಟಾಂಗಶಾರೀರಂ’ ಎಂಬ ಸಂಸ್ಕೃತ ಗ್ರಂಥವನ್ನು ನೋಡಬೇಕು. ಮನುಷ್ಯ ಶರೀರದ ರಚನೆಯನ್ನು ಹೊಸ ವಿಜ್ಞಾನ ಕಂಡುಕೊಂಡಂತೆ, ಆದರೆ ಆಯುರ್ವೇದದ ವಿದ್ಯಾರ್ಥಿಗೆ ಹೊಂದುವ ಸಂಸ್ಕೃತ ಪದ್ಯಗಳಲ್ಲಿ ವಿವರಿಸುವ ಪಠ್ಯವಿದು. ಕಲ್ಕತ್ತೆಯ ಕವಿರಾಜ ಗಣನಾಥ ಸೇನರು 1913ರಲ್ಲಿಯೇ ‘ಪ್ರತ್ಯಕ್ಷಶಾರೀರಂ’ ಎಂಬ ಗ್ರಂಥದಿಂದ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದ್ದರು. ಇಬ್ಬರ ಎದುರಿಗೂ ಇದ್ದ ಸಮಸ್ಯೆ ಒಂದೇ, ಅದು ಮೇಲುನೋಟಕ್ಕೆ ಕಾಣುವುದಕ್ಕಿಂತ ಆಳವಾದುದು. ಅಷ್ಟಾಂಗಹೃದಯದ ಪ್ರಕಾರ ಶರೀರದಲ್ಲಿ 360 ಎಲುಬುಗಳು. ಚರಕನ ಲೆಕ್ಕವೂ ಅದೇ. ಸುಶ್ರುತನ ಶಸ್ತ್ರಸಂಪ್ರದಾಯದಲ್ಲಿ 300. ಹೊಸ ವೈದ್ಯದಲ್ಲಿ 206. ಬಾಯಿಪಾಠವಾಗಿ ಬಂದ ಗ್ರಂಥ ಸುಳ್ಳೆನ್ನುವುದೇ, ಕಣ್ಣಾರೆ ಕಂಡ ಎಲುಬು ಸುಳ್ಳೆನ್ನುವುದೇ? ಹಲ್ಲು, ಉಗುರು, ಮೃದ್ವಸ್ಥಿಗಳನ್ನೂ ಎಣಿಕೆಗೆ ಸೇರಿಸಿಕೊಂಡುದರಿಂದ ಪ್ರಾಚೀನರ ಸಂಖ್ಯೆ ದೊಡ್ಡದಾಯಿತೆಂದು ಒಂದಷ್ಟು ಸಮಾಧಾನ ಹೇಳಬಹುದು. ಆದರೆ ಕೊನೆಗೆ ನೋಡಿದ್ದನ್ನು ಬರೆಯಲೇಬೇಕು. ಸುಶ್ರುತನೇ ಹೆಣವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಮೆತ್ತಗಾದ ಮೇಲೆ ಪದರಪದರವಾಗಿ ಉಜ್ಜಿ ಒಳಗಿನ ಅಂಗಗಳನ್ನು ಕಣ್ಣಿನಿಂದ ನೋಡಿ ತಿಳಿಯಬೇಕೆಂಬ ವಿಧಾನವನ್ನು ಹೇಳಿದ್ದನಲ್ಲ! ನೋಡುವುದನ್ನು ಬಿಟ್ಟು ಶ್ಲೋಕವನ್ನಷ್ಟೇ ಉಳಿಸಿಕೊಂಡವರು ನಡುವಿನ ಕಾಲದವರು. ಆ ಅರ್ಥದಲ್ಲಿ ಹೊಸ ಶರೀರಶಾಸ್ತ್ರವನ್ನು ಓದುವುದು ಪರಂಪರೆಗೆ ದ್ರೋಹವಾಗಲಿಲ್ಲ, ಪರಂಪರೆಯ ಒಂದು ತುಂಡಾದ ಎಳೆಯನ್ನು ಮತ್ತೆ ಗಂಟುಹಾಕಿದಂತಾಯಿತು.

ಪರಿಭಾಷೆಯ ಕಷ್ಟ ಇನ್ನೊಂದು. ಪ್ರಾಚೀನ ಗ್ರಂಥಗಳಲ್ಲಿ ಸಿರೆ, ಧಮನಿ, ಸ್ನಾಯು, ಪೇಶಿ, ಕಂಡರ ಎಂಬ ಶಬ್ದಗಳಿವೆ. ಹೊಸ ವಿಜ್ಞಾನದಲ್ಲಿ ರಕ್ತವನ್ನು ಒಯ್ಯುವ ನಾಳ ಬೇರೆ, ತರುವ ನಾಳ ಬೇರೆ, ಸಂವೇದನೆಯ ನರ ಬೇರೆ. ಯಾವುದಕ್ಕೆ ಯಾವ ಶಬ್ದ? ಈ ಕೆಲಸವನ್ನು ದೇಶದ ಬೇರೆ ಬೇರೆ ಭಾಷೆಗಳು ಬೇರೆ ಬೇರೆಯಾಗಿ ಮಾಡಿಕೊಂಡ ಪರಿಣಾಮ ಸ್ವಾರಸ್ಯಕರವಾಗಿದೆ. ಸುಶ್ರುತನಲ್ಲಿ ಪೇಶಿ ಎಂದರೆ ಮಾಂಸಖಂಡ, ಸ್ನಾಯು ಎಂದರೆ ಸಂಧಿಗಳನ್ನು ಬಿಗಿಯುವ ನಾರು. ಮಲಯಾಳ ಹೆಚ್ಚುಕಡಿಮೆ ಈ ಅರ್ಥಗಳನ್ನೇ ಉಳಿಸಿಕೊಂಡಿದೆ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸ್ನಾಯು ಎಂದರೆ ಮಾಂಸಖಂಡವೇ ಆಗಿಬಿಟ್ಟಿತು. ಹಿಂದಿಯಲ್ಲಿ ಅದೇ ಶಬ್ದವನ್ನು ನರ ಎಂಬ ಅರ್ಥದಲ್ಲಿ ಬಳಸುವುದುಂಟು. ಕಾಸರಗೋಡಿನ ವಿದ್ಯಾರ್ಥಿಯೊಬ್ಬನು ಬೆಳಿಗ್ಗೆ ಕನ್ನಡದ ಪಠ್ಯದಲ್ಲಿ ಸ್ನಾಯು ಎಂದು ಓದಿ ಸಂಜೆ ಮಲಯಾಳದ ಪಠ್ಯದಲ್ಲಿ ಅದೇ ಶಬ್ದವನ್ನು ಕಂಡರೆ, ಶರೀರದ ಬೇರೊಂದು ಭಾಗಕ್ಕೆ ಕೈ ಇಟ್ಟಂತೆಯೇ ಸರಿ. ವಾರಿಯರ್ ಅವರು ಸಂಸ್ಕೃತವನ್ನು ಆರಿಸಿಕೊಂಡುದಕ್ಕೆ ಇಂಥ ಗೊಂದಲವನ್ನು ತಪ್ಪಿಸಿ ದೇಶದ ಎಲ್ಲ ಭಾಗದ ವೈದ್ಯರನ್ನು ತಲುಪುವ ಆಸೆಯೂ ಕಾರಣವಾಗಿದ್ದೀತು. ಆದರೆ ಆ ಆಯ್ಕೆಗೆ ಬೆಲೆಯೂ ಉಂಟು: ಧನ್ವಂತರಿ ಪತ್ರಿಕೆಯ ಮಲಯಾಳವನ್ನು ಓದಬಲ್ಲ ಹಳ್ಳಿಯ ವೈದ್ಯರೆಲ್ಲರೂ ಈ ಸಂಸ್ಕೃತವನ್ನು ಓದಬಲ್ಲವರಾಗಿರಲಿಲ್ಲ.

ಶಾಸ್ತ್ರದಲ್ಲಿ ಬೆರಕೆ ಮಾಡಿದರೆಂಬ ಆಕ್ಷೇಪ ಇಂಥ ಪ್ರಯತ್ನಗಳ ಬೆನ್ನು ಬಿಡಲಿಲ್ಲ. ಶುದ್ಧ ಆಯುರ್ವೇದವೇ ಮಿಶ್ರ ಆಯುರ್ವೇದವೇ ಎಂಬ ವಾದ ಮುಂದೆ ದೇಶದುದ್ದಕ್ಕೂ ಎದ್ದು, ಪಾಠಶಾಲೆಗಳನ್ನು, ಸಮ್ಮೇಳನಗಳನ್ನು ಇಬ್ಭಾಗ ಮಾಡಿತು. ಶುದ್ಧವಾದಿಗಳ ಭಯ ಅಕಾರಣವಾಗಿರಲಿಲ್ಲ. ಎರಡನ್ನೂ ಅರ್ಧರ್ಧ ಕಲಿತವನು ಯಾವುದನ್ನೂ ಪೂರ್ತಿ ಅರಿಯದೆ ಹೋಗಬಹುದು, ಹೊಸದರ ಹೊಳಪಿನಲ್ಲಿ ಹಳೆಯದನ್ನು ಕೈಬಿಡಬಹುದು. ವಾರಿಯರ್ ಅವರು ಈ ಅಪಾಯವನ್ನು ದಾಟಿದ್ದು ಮೊದಲು ಒಂದರಲ್ಲಿ ಬೇರೂರಿ ಆಮೇಲೆ ಇನ್ನೊಂದಕ್ಕೆ ಕೈಚಾಚಿದುದರಿಂದ. ಅವರ ಪಾಠಶಾಲೆಯಿಂದ ಹೊರಬಂದ ಎಲ್ಲರಿಗೂ ಆ ಸಮತೂಕ ಸಿದ್ಧಿಸಿತೆಂದು ಹೇಳಲು ಬರುವುದಿಲ್ಲ.

ವೈದ್ಯನ ಕಲಿಕೆಗೆ ಪುಸ್ತಕದ ಆಚೆಗಿನ ಇನ್ನೊಂದು ಮುಖವಿದೆ, ಅದನ್ನು ಕಾಸರಗೋಡಿನ ಜನ ಅನುಭವದಿಂದ ಬಲ್ಲರು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಈ ಜಿಲ್ಲೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಮನೆಗಳಲ್ಲಿ ಹುಟ್ಟುವ ಮಕ್ಕಳ ಅಂಗವೈಕಲ್ಯ, ಬುದ್ಧಿಮಾಂದ್ಯ, ನರಸಂಬಂಧವಾದ ಕಾಯಿಲೆಗಳು ಅಸಾಮಾನ್ಯವಾಗಿ ಹೆಚ್ಚಿವೆ ಎಂಬುದನ್ನು ಮೊದಲಿಗೆ ಗುರುತಿಸಿದವರಲ್ಲಿ ಅಲ್ಲಿಯೇ ಚಿಕಿತ್ಸೆ ನಡೆಸುತ್ತಿದ್ದ ಗ್ರಾಮೀಣ ವೈದ್ಯರಿದ್ದರು. ಅವರ ಪಠ್ಯಪುಸ್ತಕದಲ್ಲಿ ಆ ಅಧ್ಯಾಯವಿರಲಿಲ್ಲ. ಬಂದ ರೋಗಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಓದಿ, ಬರೆದು, ಬೇರೆ ವೈದ್ಯರ ಗಮನಕ್ಕೆ ತಂದುದರಿಂದ ವಿಷಯ ಹೊರಬಿದ್ದಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿಷೇಧದವರೆಗೆ ಮುಟ್ಟಿತು. ಕೋಟ್ಟಕ್ಕಲಿನ ಸಮಾಜ ವೈದ್ಯರಿಂದ ಬಯಸಿದ್ದು ಇದೇ ಬಗೆಯ ಕೆಲಸವನ್ನು. ಕಂಡದ್ದನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ ವೃತ್ತಿಬಾಂಧವರ ಮುಂದೆ ತರುವುದು.

ವಾರಿಯರ್ ಅವರ ಉಳಿದ ಬದುಕಿನ ಬಗೆಗೆ ಸ್ವಲ್ಪವಾದರೂ ಹೇಳದಿದ್ದರೆ ಚಿತ್ರ ಪೂರ್ಣವಾಗದು. ರಂಗಭೂಮಿಯ ಹುಚ್ಚು ಅವರಿಗೆ ಅಪಾರವಾಗಿತ್ತು. 1909ರಲ್ಲಿ ಪರಮಶಿವವಿಲಾಸಂ ಎಂಬ ನಾಟಕ ಕಂಪೆನಿಯನ್ನು ಕಟ್ಟಿದರು. ಸ್ವತಃ ನಾಟಕಗಳನ್ನೂ ಬರೆದರು. ಪರಮಶಿವವಿಲಾಸದ ಮೊದಲಕ್ಷರಗಳು ಪಿ. ಎಸ್. ವಿ. ಎಂದೇ ಆಗುವುದು ಕಾಕತಾಳೀಯವೆಂದು ಯಾರೂ ನಂಬಲಾರರು. 1939ರಲ್ಲಿ ಕಥಕಳಿಯ ತಂಡವೊಂದನ್ನು ಕಟ್ಟಿದರು. ಪಿ. ಎಸ್. ವಿ. ನಾಟ್ಯಸಂಘ ಎಂಬ ಹೆಸರಿನಿಂದ ಅದು ಇಂದಿಗೂ ನಡೆಯುತ್ತಿದೆ. ಯಕ್ಷಗಾನದ ಮೇಳಗಳನ್ನು ದೇವಸ್ಥಾನಗಳು ಪೋಷಿಸುವುದನ್ನು ಕಂಡಿರುವ ಕುಂಬಳೆ ಸೀಮೆಯವರಿಗೆ ಔಷಧಶಾಲೆಯೊಂದು ಮೇಳ ಕಟ್ಟಿದುದು ವಿಚಿತ್ರವೆನಿಸಬಹುದು.

1921ರಲ್ಲಿ ಮಲಬಾರಿನಲ್ಲಿ ಮಾಪ್ಪಿಳ ದಂಗೆ ಎದ್ದಾಗ ಕೋಟ್ಟಕ್ಕಲ್ ಗಲಭೆಯ ನೆಲದಲ್ಲಿಯೇ ಇದ್ದಿತು. ಆ ದಿನಗಳಲ್ಲಿ ವಾರಿಯರ್ ಅವರು ಹಿಂದೂ ಮುಸ್ಲಿಮರೆಂಬ ಭೇದವೆಣಿಸದೆ ಆಶ್ರಯ ಬೇಡಿ ಬಂದವರಿಗೆ ನೆರವಾದರು. ತಮ್ಮ ಮನೆಯ ಆವರಣದಲ್ಲಿ ಅವರು ಕಟ್ಟಿಸಿದ ವಿಶ್ವಂಭರ ದೇವಸ್ಥಾನದಲ್ಲಿ ಬೇರೆ ಬೇರೆ ಮತಗಳ ಚಿಹ್ನೆಗಳಿಗೆ ಸ್ಥಾನವಿದೆ. 1933ರಲ್ಲಿ ಸರಕಾರದಿಂದ ವೈದ್ಯರತ್ನ ಎಂಬ ಬಿರುದು ಬಂದಿತು. ನೋಂದಣಿಪುಸ್ತಕದಲ್ಲಿ ಜಾಗವಿಲ್ಲದವನಿಗೆ ಅದೇ ಸರಕಾರ ರತ್ನವೆಂದು ಬಿರುದು ಕೊಟ್ಟಿತು. ಸರಕಾರಗಳಿಗೆ ಇದೆಲ್ಲ ಸಹಜ.

ಎಪ್ಪತ್ತು ದಾಟಿದ ಮೇಲೆಯೂ ಅವರು ಶರೀರಶಾಸ್ತ್ರವನ್ನು ಬಿಡಲಿಲ್ಲ. ಅಷ್ಟಾಂಗಶಾರೀರಂ ಸಂಕ್ಷೇಪವಾಯಿತೆನಿಸಿ, ಹೆಚ್ಚು ವಿಸ್ತಾರವಾದ ‘ಬೃಹಚ್ಛಾರೀರಂ’ ಎಂಬ ಗ್ರಂಥವನ್ನು ಕೈಗೆತ್ತಿಕೊಂಡು 1942ರಲ್ಲಿ ಅದರ ಮೊದಲ ಸಂಪುಟವನ್ನು ಹೊರತಂದರು. ಆ ಹೊತ್ತಿಗೆ ಔಷಧಶಾಲೆ ಬೆಳೆದು ನಿಂತಿತ್ತು, ಹೊಸ ಗ್ರಂಥದಿಂದ ಗಳಿಸಬೇಕಾದ ಹಣವಾಗಲಿ ಹೆಸರಾಗಲಿ ಏನೂ ಇರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನಿಗೂ ತನ್ನ ಪಠ್ಯ ಸಾಲದೆಂದು ತೋರಿದರೆ ಮತ್ತೆ ಕುಳಿತು ಬರೆಯುವುದೊಂದೇ ದಾರಿ.

ಮಲಬಾರಿನ ಅಳಿಯಸಂತಾನದಲ್ಲಿ ಆಸ್ತಿ ತರವಾಡಿಗೆ ಸೇರಿ ಕಾಲಕ್ರಮದಲ್ಲಿ ಪಾಲಾಗುವುದನ್ನು ಅವರು ಬಲ್ಲವರು. ಆದುದರಿಂದ 1939ರಲ್ಲಿ ಉಯಿಲು ಬರೆದು ವೈದ್ಯಶಾಲೆಯನ್ನು ಟ್ರಸ್ಟಿಗೆ ಒಪ್ಪಿಸಿದರು. ಆದಾಯದಲ್ಲಿ ಸಂಸ್ಥೆಯ ಬೆಳವಣಿಗೆಗೆ ಇಷ್ಟು, ಧರ್ಮಾರ್ಥ ಆಸ್ಪತ್ರೆಗೆ ಇಷ್ಟು, ಪಾಠಶಾಲೆಗೆ ಇಷ್ಟು, ಕಲೆಗೆ ಇಷ್ಟು, ಮನೆಯವರಿಗೆ ಇಷ್ಟು ಎಂದು ಪಾಲುಗಳನ್ನು ಗೊತ್ತುಮಾಡಿದರು. 1944ರ ಜನವರಿ 30ರಂದು ಅವರು ತೀರಿಕೊಂಡರು. ಸೋದರಳಿಯ ಮಾಧವ ವಾರಿಯರ್ ಅವರು ವೈದ್ಯಶಾಲೆಯ ಹೊಣೆಯನ್ನು ವಹಿಸಿಕೊಂಡರು, ಅವರ ಬಳಿಕ ಪಿ. ಕೆ. ವಾರಿಯರ್ ಅವರು. ಔಷಧದ ಲಾಭದಿಂದ ವೈದ್ಯವಿದ್ಯಾರ್ಥಿಗಳ ಓದಿಗೆ ಸಲ್ಲಬೇಕಾದ ಪಾಲು ಆ ಉಯಿಲಿನ ಬಲದಿಂದ ಮುಂದೆಯೂ ಸಲ್ಲುತ್ತ ಬಂದಿತು.